ಬೆಂಕಿಕಡ್ಡಿ, ಕಲಿಕಾ ಏಣಿ ಮತ್ತು ಪ್ರಶಿಕ್ಷಣಾರ್ಥಿ

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) 2014ರ ನಿಯಮಾವಳಿ ಬಂದ ಮೇಲೆ ಬಿ.ಎಡ್. ಎರಡು ವರ್ಷದ ಕೋರ್ಸಾಯಿತು. ಅದರಲ್ಲಿ 20 ವಾರ ಶಾಲೆಗಳಿಗೇ ಮೀಸಲು, ಎರಡನೇ ವರ್ಷದ ಇಂಟರ್ನ್‌ಶಿಪ್ ಒಂದೇ 16 ವಾರ. ಒಂದೇ ವರ್ಷದ ಕೋರ್ಸಿದ್ದ ಕಾಲದಲ್ಲಿ ನಿಗದಿತ ಸಂಖ್ಯೆಯ ಪಾಠಗಳನ್ನು ಮುಗಿಸಿ, ವೀಕ್ಷಕರ ಸಹಿ ಹಾಕಿಸಿಕೊಂಡು ಹೊರಡುವಷ್ಟೇ ಪುರಸೊತ್ತು ಇರುತ್ತಿತ್ತು. ಈಗ ಹಾಗಲ್ಲ. ಹೊಸ ವಿಧಾನವೊಂದನ್ನು ಕಲಿತು, ಮಕ್ಕಳ ಮುಂದೆ ಇಟ್ಟು ನೋಡಿ, ತಿದ್ದಿ, ಅದನ್ನು ಇನ್ನೊಬ್ಬ ಮೇಷ್ಟರಿಗೆ ದಾಟಿಸುವಷ್ಟು ಸಮಯವಿದೆ.

ಆದರೂ ‘ನಾವೀನ್ಯ’ ಎಂದೊಡನೆ ನಮ್ಮ ಕಾಲೇಜುಗಳಲ್ಲಿ ಥರ್ಮೋಕೋಲ್, ಚಾರ್ಟು, ಮಿಂಚುಕಾಗದಗಳ ಖರೀದಿ ಶುರುವಾಗುತ್ತದೆ. ಕಲಿಕೋಪಕರಣ ಪ್ರದರ್ಶನ ಮುಗಿದ ಮರುದಿನ ಅವೆಲ್ಲ ಬೀರುವಿನ ತಲೆ ಮೇಲೆ. ನೋಡಲು ಚೆಂದವಿದ್ದದ್ದು ಇನ್ನೊಂದು ಶಾಲೆಗೆ ಹೋಗುವುದಿಲ್ಲ, ಏಕೆಂದರೆ ಅದು ಯಾವ ತೊಡಕನ್ನು ಬಿಡಿಸಲು ಹುಟ್ಟಿತು ಎಂದು ಯಾರೂ ಬರೆದಿಟ್ಟಿರುವುದಿಲ್ಲ. ವಸ್ತುವಿನ ಜೊತೆ ಕಾರಣವೂ ಹೋಗಬೇಕು. ಇದು ನಡೆಯುವ ಬಗೆಯನ್ನು ತಿಳಿಯಲು ಎರಡು ಉದಾಹರಣೆ ನೋಡೋಣ. ಒಂದು ಮಧ್ಯಪ್ರದೇಶದ್ದು, ಇನ್ನೊಂದು ನಮ್ಮ ಎಚ್.ಡಿ. ಕೋಟೆಯದು.

1972ರಲ್ಲಿ ಕಿಶೋರ್ ಭಾರತಿ ಮತ್ತು ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನ ಬೋಧನಾ ಕಾರ್ಯಕ್ರಮ ಆರಂಭಿಸಿದವು. ಮಕ್ಕಳು ಪ್ರಯೋಗವನ್ನು ಓದುವುದಲ್ಲ, ಮಾಡಬೇಕು ಎಂಬುದು ಅದರ ಹಟ. 1978ರಲ್ಲಿ ಅದು ಇಡೀ ಜಿಲ್ಲೆಗೆ ಹಬ್ಬಿತು. ಅದೇ ವರ್ಷ ಐಐಟಿ ಕಾನ್ಪುರದಲ್ಲಿ ಓದಿ ಟೆಲ್ಕೋ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಅರವಿಂದ ಗುಪ್ತಾ ರಜೆ ಹಾಕಿ ಅಲ್ಲಿಗೆ ಹೋದರು. ಹಳ್ಳಿಯ ಸಂತೆಯಲ್ಲಿ ಸಿಗುವ ಸಾಮಾನಿನಲ್ಲೇ ಏನಾದರೂ ಮಾಡಬೇಕೆಂದು ಅವರು ಆರಿಸಿಕೊಂಡದ್ದು ಬೆಂಕಿಕಡ್ಡಿ ಮತ್ತು ಸೈಕಲ್ಲಿನ ವಾಲ್ವ್ ಟ್ಯೂಬು.

ಮಾಡುವ ಬಗೆ ಹೀಗೆ. ಬೆಂಕಿಕಡ್ಡಿಗಳ ತುದಿಯ ಮದ್ದನ್ನು ಕೆರೆದು ತೆಗೆಯಿರಿ. ವಾಲ್ವ್ ಟ್ಯೂಬನ್ನು ಸುಮಾರು ಒಂದೂವರೆ ಸೆಂಟಿಮೀಟರ್ ತುಂಡುಗಳಾಗಿ ಕತ್ತರಿಸಿ. ಒಂದು ತುಂಡಿಗೆ ಎರಡೂ ಕಡೆಯಿಂದ ಒಂದೊಂದು ಕಡ್ಡಿ ತೂರಿಸಿದರೆ ಎತ್ತ ಬೇಕಾದರೂ ಬಾಗುವ ಕೀಲು ಸಿದ್ಧ. ಮೂರು ಕಡ್ಡಿ, ಮೂರು ತುಂಡಿನಿಂದ ತ್ರಿಭುಜ. ನಾಲ್ಕು ಕಡ್ಡಿ, ನಾಲ್ಕು ತುಂಡಿನಿಂದ ಚೌಕ. ಎರಡನ್ನೂ ಮಗುವಿನ ಕೈಗೆ ಕೊಟ್ಟು ಒತ್ತಲು ಹೇಳಿ. ಚೌಕ ವಾಲಿ ವಜ್ರಾಕೃತಿಯಾಗುತ್ತದೆ. ತ್ರಿಭುಜ ಜಪ್ಪಯ್ಯ ಎಂದರೂ ಅಲುಗುವುದಿಲ್ಲ.

ಪಾಠ ಇರುವುದು ಇಲ್ಲೇ. ಮೂರು ಬಾಹುಗಳ ಉದ್ದ ಗೊತ್ತಾದರೆ ತ್ರಿಭುಜದ ಕೋನಗಳೂ ನಿಗದಿಯಾಗಿಬಿಡುತ್ತವೆ. ನಾಲ್ಕು ಬಾಹುಗಳ ಉದ್ದ ಗೊತ್ತಿದ್ದರೂ ಚತುರ್ಭುಜದ ಕೋನಗಳು ಸಡಿಲ. ಮಕ್ಕಳು ಬಾಯಿಪಾಠ ಮಾಡುವ ‘ಬಾ-ಬಾ-ಬಾ’ ಸರ್ವಸಮತೆಯ ನಿಯಮ ಬೆರಳಿಗೆ ತಾಕುವುದು ಹೀಗೆ. ಇನ್ನು ಚೌಕವನ್ನು ಗಟ್ಟಿ ಮಾಡಲು ಏನು ಮಾಡೋಣ ಎಂದು ಕೇಳಿ. ಮೂಲೆಯಿಂದ ಮೂಲೆಗೆ ಒಂದು ಕಡ್ಡಿ ಬೇಕು ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಬೆಂಕಿಕಡ್ಡಿ ಅಲ್ಲಿಗೆ ಗಿಡ್ಡವಾಗುತ್ತದೆ, ಪೊರಕೆ ಕಡ್ಡಿ ಮುರಿದು ಹಾಕಬೇಕು. ಎಷ್ಟುದ್ದ ಮುರಿಯಬೇಕು? ಪೈಥಾಗೊರಸ್ ಪ್ರಮೇಯಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಗೊತ್ತಿಲ್ಲ. ತುಂಡಿನ ನಡುವೆ ಜಾಲಿ ಮುಳ್ಳಿನಿಂದಲೋ ದಬ್ಬಳದಿಂದಲೋ ತೂತು ಮಾಡಿ, ಮೂರನೇ ಕಡ್ಡಿಯ ತುದಿ ಚೂಪು ಮಾಡಿ ಸಿಕ್ಕಿಸಿದರೆ ಮೂರು ಕಾಲಿನ ಕೀಲು. ಅಂಥ ನಾಲ್ಕು ಕೀಲು, ಆರು ಕಡ್ಡಿಗಳಿಂದ ಎಲ್ಲ ಮುಖಗಳೂ ತ್ರಿಭುಜವಾಗಿರುವ ಘನಾಕೃತಿ ಏಳುತ್ತದೆ, ಅದೂ ಗಟ್ಟಿ. ಎಂಟು ಕೀಲು, ಹನ್ನೆರಡು ಕಡ್ಡಿಯ ಪೆಟ್ಟಿಗೆಯಾಕಾರ ಮಾತ್ರ ಕುಸಿಯುತ್ತದೆ. ಶಾಲೆಯ ಪಕ್ಕದ ಶೆಡ್ಡಿನ ಕಬ್ಬಿಣದ ಚಾವಣಿಯಲ್ಲಿ ತ್ರಿಭುಜಗಳೇ ಏಕೆ ತುಂಬಿವೆ ಎಂದು ಆಮೇಲೆ ವಿವರಿಸಬೇಕಾಗಿಲ್ಲ.

ಉಪಾಯ ಇಷ್ಟು ಅಗ್ಗ, ಇಷ್ಟು ಸುಲಭ ಎಂದ ಮಾತ್ರಕ್ಕೆ ಹರಡುವುದಿಲ್ಲ. ಹೋಶಂಗಾಬಾದಿನಲ್ಲಿ ಅದಕ್ಕೊಂದು ವ್ಯವಸ್ಥೆ ಇತ್ತು. ಶಿಕ್ಷಕರು ತಿಂಗಳಿಗೊಮ್ಮೆ ಸೇರುತ್ತಿದ್ದರು, ತರಗತಿಯಲ್ಲಿ ಯಾವ ಪ್ರಯೋಗ ಕೈಕೊಟ್ಟಿತು ಎಂದು ಹೇಳಿಕೊಳ್ಳುತ್ತಿದ್ದರು, ಆ ಮಾತುಗಳನ್ನು ಆಧರಿಸಿ ‘ಬಾಲ ವೈಜ್ಞಾನಿಕ’ ಪುಸ್ತಕಗಳನ್ನು ತಿದ್ದಲಾಗುತ್ತಿತ್ತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಈ ಕೆಲಸವನ್ನು ಮುಂದುವರಿಸಿತು. 2002ರಲ್ಲಿ ಮಧ್ಯಪ್ರದೇಶ ಸರ್ಕಾರ ಕಾರ್ಯಕ್ರಮವನ್ನೇ ನಿಲ್ಲಿಸಿತು. ಬೆಂಕಿಕಡ್ಡಿ ಮಾತ್ರ ನಿಲ್ಲಲಿಲ್ಲ. ಗುಪ್ತಾ ಅದನ್ನು ಚಿತ್ರಗಳ ಸಮೇತ ಬರೆದಿಟ್ಟಿದ್ದರು, ಯಾರು ಬೇಕಾದರೂ ನಕಲು ಮಾಡಲಿ ಎಂದು ಬಿಟ್ಟಿದ್ದರು. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಎರಡನೆಯದು ನಲಿಕಲಿ. ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯಲ್ಲಿ ಏಕೋಪಾಧ್ಯಾಯ ಶಾಲೆಗಳಿಗಾಗಿ ಕಾರ್ಡು ಮತ್ತು ಏಣಿಯ ಪದ್ಧತಿ ಬೆಳೆದಿತ್ತು. ಅದನ್ನು ನೋಡಿಬಂದ ನಮ್ಮ ಶಿಕ್ಷಕರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ, ಇಲ್ಲಿಗೆ ಹೊಂದುವಂತೆ ಕಾರ್ಡುಗಳನ್ನು ತಾವೇ ರಚಿಸಿದರು. ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ವೇಗದ ಮಕ್ಕಳು ಒಂದೇ ಕೊಠಡಿಯಲ್ಲಿ ಒಬ್ಬರೇ ಶಿಕ್ಷಕರ ಮುಂದೆ ಕೂತಿರುವುದು ನಲಿಕಲಿ ಬಿಡಿಸಹೊರಟ ತೊಡಕು. ಹಾಗಾಗಿ ಪಠ್ಯವನ್ನು ಮೈಲಿಗಲ್ಲುಗಳಾಗಿ ಒಡೆದು ಕಲಿಕಾ ಏಣಿಯಲ್ಲಿ ಜೋಡಿಸಿದರು. ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ಚಿತ್ರದ ಲಾಂಛನ ನೋಡಿ ಗುರುತಿಸಿ, ಕಾರ್ಡು ತೆಗೆದುಕೊಂಡು, ತನ್ನ ಗುಂಪು ಕೂರುವ ಜಾಗವಾದ ‘ತಟ್ಟೆ’ಗೆ ಹೋಗುತ್ತದೆ. ಒಂದು ಗುಂಪಿಗೆ ಶಿಕ್ಷಕರ ನೆರವು ಪೂರ್ತಿ ಬೇಕು, ಇನ್ನೊಂದಕ್ಕೆ ಸ್ವಲ್ಪ ಸಾಕು, ಮತ್ತೊಂದರಲ್ಲಿ ಗೆಳೆಯರೇ ಹೇಳಿಕೊಡುತ್ತಾರೆ, ಕೊನೆಯದು ಸ್ವಕಲಿಕೆಯದು. ನಾಲ್ಕು ದಿನ ಜ್ವರ ಬಂದು ಮಲಗಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ.

2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ಬಂತು. ಅಷ್ಟು ದೊಡ್ಡದಾದಾಗ ಏಣಿಯ ಚಾರ್ಟು, ಮಕ್ಕಳ ಕೆಲಸಗಳನ್ನು ತೂಗುಹಾಕುವ ಕಲಿಕಾ ಚಪ್ಪರ, ಕಾರ್ಡಿನ ಕಟ್ಟು ಎಲ್ಲ ಶಾಲೆಗೂ ತಲುಪಿದವು. ಅವೆಲ್ಲ ಏಕೆ ಎಂಬುದು ಎಲ್ಲರಿಗೂ ತಲುಪಲಿಲ್ಲ. ಎಲ್ಲ ಮಕ್ಕಳನ್ನೂ ಒಂದೇ ಮೆಟ್ಟಿಲಲ್ಲಿ ಕೂರಿಸಿ ಕಾರ್ಡು ಓದಿಸಿದರೆ ಅದು ಬಿಡಿ ಹಾಳೆಗಳಲ್ಲಿ ಮುದ್ರಿಸಿದ ಪಠ್ಯಪುಸ್ತಕ, ಅಷ್ಟೆ.

ಹೊಸತನ್ನು ಜನ ಯಾವಾಗ ಒಪ್ಪುತ್ತಾರೆ ಎಂಬುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಎವೆರೆಟ್ ರೋಜರ್ಸ್ 1962ರ ತಮ್ಮ ಪುಸ್ತಕದಲ್ಲಿ ಚರ್ಚಿಸಿದ್ದಾರೆ. ಅಯೋವಾದ ರೈತನ ಮಗ ಅವರು. ಹೈಬ್ರಿಡ್ ಮೆಕ್ಕೆಜೋಳವನ್ನು ಬೇಡವೆನ್ನುತ್ತಿದ್ದ ಅವರ ಅಪ್ಪ, 1936ರ ಬರಗಾಲದಲ್ಲಿ ಪಕ್ಕದ ಹೊಲದ ಹೈಬ್ರಿಡ್ ನೆಟ್ಟಗೆ ನಿಂತು ತಮ್ಮದು ಬಾಡಿದ್ದನ್ನು ಕಂಡ ಮೇಲೆ ಬದಲಾದರಂತೆ. ಹಳೆಯದಕ್ಕಿಂತ ಲಾಭವಿದೆಯೇ, ನಮ್ಮ ರೂಢಿಗೆ ಹೊಂದುತ್ತದೆಯೇ, ಸರಳವೇ, ಸ್ವಲ್ಪ ಮಾಡಿ ನೋಡಬಹುದೇ, ಫಲ ಕಣ್ಣಿಗೆ ಕಾಣುತ್ತದೆಯೇ: ರೋಜರ್ಸ್ ಪ್ರಕಾರ ಜನ ನೋಡುವುದು ಈ ಐದನ್ನು. ಇಪ್ಪತ್ತು ವರ್ಷ ಸೇವೆಯಾದ ಶಿಕ್ಷಕಿಯೂ ನಿಮ್ಮ ಮಾದರಿಯನ್ನು ನೋಡುವಾಗ ಮನಸ್ಸಿನಲ್ಲಿ ಕೇಳಿಕೊಳ್ಳುವುದು ಇವನ್ನೇ. ‘ಪೋರ್ಷನ್ ಮುಗಿಯುತ್ತಾ?’ ಎಂಬ ಅವರ ಪ್ರಶ್ನೆಯನ್ನು ಉಡಾಫೆ ಎಂದು ತಿಳಿಯಬೇಡಿ, ಅದು ಮೊದಲನೇ ಅಂಶ.

ಹಾಗಾದರೆ ಇಂಟರ್ನ್‌ಶಿಪ್ಪಿನಲ್ಲಿ ಏನು ಮಾಡಬೇಕು? ಮೊದಲು ಉಪಾಯ ಹುಡುಕಬೇಡಿ, ತೊಡಕು ಹುಡುಕಿ. ಮಾರ್ಗದರ್ಶಕ ಶಿಕ್ಷಕರನ್ನೇ ಕೇಳಿ: ‘ಮೇಡಂ, ಪ್ರತಿ ವರ್ಷ ಮಕ್ಕಳು ಎಲ್ಲಿ ಎಡವುತ್ತಾರೆ?’ ಅವರು ಹೇಳುವ ಒಂದು ಘಟಕ ಸಾಕು. ಪಾಠಕ್ಕೆ ಮುಂಚೆ ಎರಡು ಮೂರು ಪ್ರಶ್ನೆ ಕೊಟ್ಟು ಉತ್ತರಗಳನ್ನು ಇಟ್ಟುಕೊಳ್ಳಿ, ಒಂದು ವಾರ ಬಿಟ್ಟು ಅದೇ ಬಗೆಯ ಪ್ರಶ್ನೆ ಮತ್ತೆ ಕೊಡಿ. ಮರುದಿನವೇ ಕೊಟ್ಟರೆ ಉತ್ತರ ಚೆನ್ನಾಗಿಯೇ ಬರುತ್ತದೆ, ಅದನ್ನು ನಂಬುವಂತಿಲ್ಲ. ನಿಮ್ಮ ಕ್ರಿಯಾ ಸಂಶೋಧನೆಯ ವರದಿಗೂ ಇದೇ ಸಾಮಗ್ರಿ ಆಗುತ್ತದೆ.

ಹಂಚಿಕೊಳ್ಳಲು ಒಂದು ಹಾಳೆ ಸಾಕು. ತೊಡಕು ಯಾವುದು, ಸಾಮಾನು ಎಲ್ಲಿ ಸಿಕ್ಕಿತು, ಎಷ್ಟು ಖರ್ಚಾಯಿತು, ಎಷ್ಟು ಪೀರಿಯಡ್ ಹಿಡಿಯಿತು, ಏನು ಕೆಟ್ಟಿತು. ಈ ಕೊನೆಯದನ್ನು ಮರೆಯಬೇಡಿ: ಟ್ಯೂಬಿನ ತೂತು ದೊಡ್ಡದಿದ್ದರೆ ಕಡ್ಡಿ ಜಾರುತ್ತದೆ, ದಪ್ಪ ಕಡ್ಡಿಯಾದರೆ ರಬ್ಬರು ಸೀಳುತ್ತದೆ ಎಂದು ಬರೆದಿದ್ದರೆ ಮುಂದಿನವರ ಒಂದು ಪೀರಿಯಡ್ ಉಳಿಯುತ್ತದೆ. ಉಪಾಯ ಯಾರದೋ ಅವರ ಹೆಸರೂ ಹಾಳೆಯಲ್ಲಿರಲಿ. ಮಕ್ಕಳ ಮುಖ ಕಾಣುವ ಫೋಟೋ ಬೇಡ, ಅವರ ನೋಟುಬುಕ್ಕಿನ ಪುಟವೇ ಒಳ್ಳೆಯ ಸಾಕ್ಷಿ.

ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಹತ್ತು ನಿಮಿಷ ಕೊಡಿ ಎಂದು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯನ್ನು (ಸಿಆರ್‌ಪಿ) ಮುಖ್ಯೋಪಾಧ್ಯಾಯರ ಮೂಲಕ ಕೇಳಿಕೊಳ್ಳಿ. ಹೋಗುವಾಗ ಮಾಡಿ ಮುಗಿಸಿದ ಮಾದರಿಯನ್ನು ಒಯ್ಯಬೇಡಿ. ಒಬ್ಬೊಬ್ಬರಿಗೆ ಏಳು ಕಡ್ಡಿ, ಏಳು ತುಂಡು ಟ್ಯೂಬು ಕಟ್ಟಿಕೊಂಡು ಹೋಗಿ, ತ್ರಿಭುಜವನ್ನೂ ಚೌಕವನ್ನೂ ಅವರ ಕೈಯಲ್ಲೇ ಮಾಡಿಸಿ.