ಅಂಪೈರರ ಬೆರಳನ್ನು ನಂಬಿ ಬಾಜಿ ಕಟ್ಟಬಹುದೇ?

ಪಲ್ಲಾವರಂ ನಿಲ್ದಾಣದಲ್ಲಿ ನಗರದ ಕಡೆಗೆ ಹೋಗುವ ವಿದ್ಯುತ್ ರೈಲನ್ನು ಹತ್ತಿದರೆ ಐದನೆಯ ನಿಲ್ದಾಣವೇ ಗಿಂಡಿ. ಗಿಂಡಿಯೆಂದರೆ ಹಳೆಯ ತಲೆಮಾರಿನವರಿಗೆ ನೆನಪಾಗುವುದು ಕುದುರೆ ಪಂದ್ಯ. ತಿಂಗಳ ಸಂಬಳ ಕೈಗೆ ಬಂದ ವಾರವೇ ಅಲ್ಲಿಗೆ ಹೋಗಿ, ಬರಿಗೈಯಲ್ಲಿ ಮರಳಿದವರ ಕಥೆಗಳನ್ನು ನಾವೆಲ್ಲರೂ ಕೇಳಿದ್ದೇವೆ. ಇಂದು ಜೂಜಿಗಾಗಿ ರೈಲನ್ನು ಹತ್ತುವ ಶ್ರಮವೂ ಬೇಕಿಲ್ಲ. ಅದು ಮೊಬೈಲಿನ ಮೂಲಕ ನಮ್ಮ ಹಾಸಿಗೆಯ ಬಳಿಗೇ ಬಂದು ಕುಳಿತಿದೆ.

ಜೂಜಿಗೆ ಈಗ ವಿದ್ಯೆಯ ವೇಷವೂ ದೊರೆತಿದೆ. "ನಾನು ಅದೃಷ್ಟವನ್ನು ನಂಬುವವನಲ್ಲ, ಲೆಕ್ಕವನ್ನು ನಂಬುವವನು. ಯಾವ ಅಂಪೈರರು ಎಂತಹ ತೀರ್ಪು ಕೊಡುತ್ತಾರೆಂಬುದನ್ನು ಬರೆದಿಟ್ಟುಕೊಂಡಿದ್ದೇನೆ" ಎಂದು ಹೇಳುವ ಗುಮಾಸ್ತನೊಬ್ಬನನ್ನು ಕಲ್ಪಿಸಿಕೊಳ್ಳಿ. ಅವನ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಆದುದರಿಂದಲೇ ಅದು ಅಪಾಯಕಾರಿಯಾದುದು.

ಈ ವಿದ್ಯೆಯ ತವರು ಅಮೆರಿಕೆಯ ಬೇಸ್‌ಬಾಲ್. ಅಲ್ಲಿ ದಾಂಡಿಗನ ಹಿಂದೆ ನಿಲ್ಲುವ ಅಂಪೈರನು, ದಾಂಡಿಗನು ಹೊಡೆಯದೆ ಬಿಟ್ಟ ಪ್ರತಿಯೊಂದು ಎಸೆತವೂ ಸರಿಯಾದ ಎಲ್ಲೆಯೊಳಗೆ ಬಂತೇ ಇಲ್ಲವೇ ಎಂದು ತೀರ್ಮಾನಿಸಬೇಕು. ಎಲ್ಲೆಯನ್ನು ವಿಶಾಲವಾಗಿ ಕಾಣುವ ಅಂಪೈರನಿದ್ದರೆ ಎಸೆಗಾರನಿಗೆ ಅನುಕೂಲ, ಓಟಗಳು ಕಡಿಮೆ. ಕಿರಿದಾಗಿ ಕಾಣುವವನಿದ್ದರೆ ಓಟಗಳು ಹೆಚ್ಚು. ಕ್ಯಾಮೆರಾಗಳು ಪ್ರತಿಯೊಂದು ಎಸೆತವನ್ನೂ ದಾಖಲಿಸತೊಡಗಿದ ಮೇಲೆ ಪ್ರತಿ ಅಂಪೈರನ ಒಲವೂ ಅಂಕಿಗಳಲ್ಲಿ ಬಯಲಾಯಿತು. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕ್ರೀಡಾ ಬಾಜಿಗೆ ದಾರಿ ತೆರೆದ ಬಳಿಕ ಈ ಅಂಕಿಗಳಿಗೆ ಬೇಡಿಕೆ ಇನ್ನಷ್ಟು ಏರಿತು.

ಕ್ರಿಕೆಟ್ಟಿನಲ್ಲಿಯೂ ಇಂತಹ ಸ್ವಭಾವಭೇದಗಳು ಇಲ್ಲದಿಲ್ಲ. ಮುಂದಕ್ಕೆ ಕಾಲಿಟ್ಟು ಆಡುವವನನ್ನು ಎಲ್.ಬಿ.ಡಬ್ಲ್ಯು. ಎಂದು ಔಟ್ ಕೊಡಲು ಹಿಂಜರಿಯುವ ಅಂಪೈರರಿದ್ದರು. ನಿಸ್ಸಂಕೋಚವಾಗಿ ಬೆರಳೆತ್ತುವವರೂ ಇದ್ದರು. ಆದರೆ 2009ರಲ್ಲಿ ಟೆಸ್ಟ್ ಪಂದ್ಯಗಳಲ್ಲಿ ಅಧಿಕೃತವಾಗಿ ಆರಂಭವಾದ ಮರುಪರಿಶೀಲನೆಯ ಕ್ರಮವು 2018ರಲ್ಲಿ ಐ.ಪಿ.ಎಲ್.ಗೂ ಬಂದಿತು. 2023ರಿಂದ ಅಲ್ಲಿ ವೈಡ್, ನೋಬಾಲ್ ತೀರ್ಪುಗಳನ್ನೂ ಪ್ರಶ್ನಿಸಬಹುದಾಯಿತು. ಬೇಸ್‌ಬಾಲಿನವರು ಕೂಡ 2026ರ ಋತುವಿಗೆಂದು ಇಂತಹುದೇ ಕ್ರಮವನ್ನು 2025ರಲ್ಲಿ ಅಂಗೀಕರಿಸಿದರು. ಅಂಪೈರರ ಒಲವಿನ ಬೆಲೆ ದಿನೇ ದಿನೇ ಕುಗ್ಗುತ್ತಿರುವಾಗ, ಹಳೆಯ ಟಿಪ್ಪಣಿ ಪುಸ್ತಕದಿಂದ ಏನು ಫಲ?

ಒಂದು ಉದಾಹರಣೆಯನ್ನು ನೋಡೋಣ. 1999ರ ಫೆಬ್ರವರಿ 7ರಂದು ದೆಹಲಿಯ ಟೆಸ್ಟ್ ಪಂದ್ಯದಲ್ಲಿ ಪಾಕಿಸ್ತಾನವು ವಿಕೆಟ್ ನಷ್ಟವಿಲ್ಲದೆ 101 ಓಟಗಳನ್ನು ಗಳಿಸಿತ್ತು. ಅಲ್ಲಿಂದ ಮುಂದೆ ನಮ್ಮ ಅನಿಲ್ ಕುಂಬ್ಳೆಯವರು 74 ಓಟಗಳಿಗೆ ಹತ್ತೂ ವಿಕೆಟ್‌ಗಳನ್ನು ಕಿತ್ತರು. ಎದುರಾಳಿಗಳು 207ಕ್ಕೆ ಮುಗಿದರು. ಆ ಪಂದ್ಯದ ಅಂಪೈರರಲ್ಲಿ ಒಬ್ಬರು ಕನ್ನಡ ನಾಡಿನ ಎ. ವಿ. ಜಯಪ್ರಕಾಶ್, ಇನ್ನೊಬ್ಬರು ವೆಸ್ಟ್ ಇಂಡೀಸಿನ ಸ್ಟೀವ್ ಬಕ್ನರ್. ಈ ಇಬ್ಬರ ಸ್ವಭಾವವನ್ನು ಎಷ್ಟೇ ಚೆನ್ನಾಗಿ ಬಲ್ಲವನಾದರೂ ಅಂದಿನ ಊಟದ ವಿರಾಮದಲ್ಲಿ ಇಂತಹುದನ್ನು ಮುಂಗಾಣುವುದು ಸಾಧ್ಯವಿತ್ತೇ?

ಇನ್ನು ಲೆಕ್ಕವನ್ನೇ ನಂಬುವವರಿಗೆ ಲೆಕ್ಕವನ್ನೇ ಒಪ್ಪಿಸೋಣ. ಎರಡೂ ಪಕ್ಷಗಳು ಸಮಬಲವೆಂದು ತೋರಿದಾಗ, 100 ರೂಪಾಯಿ ಕಟ್ಟಿ ಗೆದ್ದವನಿಗೆ ಬುಕ್ಕಿಯು 200ರ ಬದಲು 190 ಕೊಡುತ್ತಾನೆನ್ನಿ. ನೀವು ನೂರು ಬಾರಿ ಕಟ್ಟಿ ಐವತ್ತು ಬಾರಿ ಗೆದ್ದಿರಿ. ಹೋದದ್ದು 10,000, ಬಂದದ್ದು 9,500. ಅರ್ಧಕ್ಕರ್ಧ ಸರಿಯಾಗಿ ಹೇಳಿದರೂ 500 ರೂಪಾಯಿ ನಷ್ಟ! 52 ಬಾರಿ ಗೆದ್ದರೂ ಕೈಗೆ ಬರುವುದು 9,880 ಮಾತ್ರ. ಅಸಲನ್ನು ದಾಟಬೇಕಾದರೆ 53 ಬಾರಿ ಗೆಲ್ಲಬೇಕು. ಅಂಪೈರರ ಕುರಿತ ತಿಳಿವಳಿಕೆಯಿಂದ ನಿಮಗೆ ಒಂದೆರಡು ಗೆಲುವು ಹೆಚ್ಚಾಗಿ ಬಂದೀತೆಂದೇ ಇಟ್ಟುಕೊಳ್ಳಿ. ಅಷ್ಟನ್ನೂ ಬುಕ್ಕಿಯು ಮೊದಲೇ ಕಡಿದುಕೊಂಡಿರುತ್ತಾನೆ. ಮೇಲಾಗಿ ನಿಮಗೆ ತಿಳಿದ ಅಂಕಿಗಳು ಅವನಿಗೂ ತಿಳಿದಿರುತ್ತವೆ. ಅವುಗಳಿಗೆ ತಕ್ಕಂತೆ ಅವನು ದರವನ್ನು ತಿದ್ದಿರುತ್ತಾನೆ.

ಅಂಪೈರರನ್ನು ಬಲ್ಲವರ ಬಳಿ ಗುಟ್ಟು ಸಿಗುವುದೆಂಬ ಆಸೆಯಂತೂ ಇನ್ನೂ ಕೆಟ್ಟದ್ದು. 2025ರ ಫೆಬ್ರವರಿಯಲ್ಲಿ ಅಮೆರಿಕೆಯ ಬೇಸ್‌ಬಾಲ್ ಮಂಡಲಿಯು ಹೆಸರಾಂತ ಅಂಪೈರನೊಬ್ಬನನ್ನು ಕೆಲಸದಿಂದ ತೆಗೆದುದನ್ನು ಪ್ರಕಟಿಸಿತು. ಬೇಸ್‌ಬಾಲಿನ ಮೇಲೆ ಬಾಜಿ ಕಟ್ಟುತ್ತಿದ್ದ ಗೆಳೆಯನೊಡನೆ ಖಾತೆಯನ್ನು ಹಂಚಿಕೊಂಡಿದ್ದುದೇ ಕಾರಣ. ಆಟವನ್ನು ತಿರುಚಿದನೆಂಬುದಕ್ಕೆ ಸಾಕ್ಷ್ಯ ದೊರೆಯಲಿಲ್ಲ. ಆದರೂ ಬದುಕಿನ ವೃತ್ತಿ ಹೋಯಿತು.

ಕಾಯಿದೆಯ ಮಾತನ್ನೂ ಮರೆಯಲಾಗದು. ಕುದುರೆ ಪಂದ್ಯವನ್ನು ನಿಲ್ಲಿಸಲು ತಮಿಳುನಾಡು 1974ರಲ್ಲಿ ಕಾಯಿದೆ ಮಾಡಿತ್ತು. ಆದರೆ 1996ರಲ್ಲಿ ಸುಪ್ರೀಂ ಕೋರ್ಟು ಕುದುರೆ ಪಂದ್ಯವನ್ನು ಕೌಶಲದ ಆಟವೆಂದು ತೀರ್ಮಾನಿಸಿತು. ಆ ತೀರ್ಪನ್ನು ಕ್ರಿಕೆಟ್ ಬಾಜಿಗೂ ರಹದಾರಿಯೆಂದು ಭಾವಿಸುವುದು ತಪ್ಪು. ಆನ್‌ಲೈನ್ ಜೂಜನ್ನು ತಡೆಯುವ ತಮಿಳುನಾಡಿನ ಕಾಯಿದೆ 2023ರಲ್ಲಿ ಹೊರಬಂದಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯಿದೆ 2025ರ ಆಗಸ್ಟಿನಲ್ಲಿ ಬಂದಿತು. ಕಳ್ಳದಾರಿಯಲ್ಲಿ ಗೆದ್ದ ಹಣವನ್ನು ಬುಕ್ಕಿಯು ಕೊಡದೆಹೋದರೆ ದೂರು ಹೇಳಲು ಯಾವ ಠಾಣೆಯ ಬಾಗಿಲಿಗೆ ಹೋಗುವಿರಿ?

ಧರ್ಮರಾಯನ ಕಥೆಯನ್ನು ನಾವು ಯಕ್ಷಗಾನದಲ್ಲಿ ರಾತ್ರಿಯಿಡೀ ಕುಳಿತು ನೋಡಿದವರು. ಅವನಿಗೆ ದಾಳಗಳ ಆಟದ ಮೋಹವಿತ್ತು. ದಾಳಗಳು ಶಕುನಿಯ ಕೈಯಲ್ಲಿದ್ದವು. ಇಂದಿಗೂ ದಾಳ ಉರುಳಿಸುವವನು ಬೇರೆ, ರಾಜ್ಯ ಕಳೆದುಕೊಳ್ಳುವವನು ಬೇರೆ. ಬೆಳಗಿನ ಜಾವಕ್ಕೆ ಎದ್ದು ಒಲೆ ಹಚ್ಚುವವನ, ಸಂಜೆಯವರೆಗೆ ಕಡತ ತಿರುವುವವನ ರಾಜ್ಯವೆಂದರೆ ಊರಿಗೆ ಕಳುಹಿಸಬೇಕಾದ ಹಣ, ತಂಗಿಯ ಮದುವೆ, ಮಗನ ಶಾಲೆಯ ಶುಲ್ಕ.

ಆಟವನ್ನು ಮನಸಾರೆ ನೋಡಿರಿ. ಬೆರಳೆತ್ತಿದ ಅಂಪೈರರು ಸರಿಯೋ ತಪ್ಪೋ ಎಂದು ಚಹಾ ಕುಡಿಯುತ್ತ ವಾದಿಸಿರಿ. ಅದಕ್ಕೆ ಯಾರೂ ಸುಂಕ ಕೇಳುವುದಿಲ್ಲ. ಆದರೆ ಬಾಜಿ ಕಟ್ಟಲೆಂದು ತೆಗೆದಿಟ್ಟ ನೂರು ರೂಪಾಯಿ ಇದ್ದರೆ ಅದನ್ನು ಊರಿಗೆ ಕಳುಹಿಸುವ ಹಣಕ್ಕೆ ಸೇರಿಸಿರಿ. ಅದರ ಫಲವನ್ನು ಯಾವ ಅಂಪೈರನ ತೀರ್ಪೂ ಬದಲಿಸಲಾರದು.