ಒಂದು ಅಕ್ಷರದ ಕಾಯಿಲೆ, ಮುಕ್ಕಾಲು ಶತಮಾನದ ವಿಳಂಬ

ಕಾಯಿಲೆಯೊಂದರ ಮೂಲ ಅಣುವಿನ ರಚನೆಯಲ್ಲೇ ಇರಬಹುದು ಎಂಬುದನ್ನು ವಿಜ್ಞಾನ ಮೊದಲ ಬಾರಿಗೆ ತೋರಿಸಿಕೊಟ್ಟದ್ದು 1949ರಲ್ಲಿ. ಆ ಕಾಯಿಲೆ ಕುಡಗೋಲು ಕಣ ರಕ್ತಹೀನತೆ; ಆಸ್ಪತ್ರೆಯ ಮಾತಿನಲ್ಲಿ ಸಿಕಲ್ ಸೆಲ್. ಅಣುಜೀವವಿಜ್ಞಾನ ಒಂದು ಶಾಸ್ತ್ರವಾಗಿ ಬೆಳೆದುದರಲ್ಲಿ ಈ ರೋಗದ ಪಾಲು ದೊಡ್ಡದು. ಆ ಶಾಸ್ತ್ರದಿಂದ ರೋಗಿಗೆ ದಕ್ಕಿದ ಪಾಲು ಮಾತ್ರ ಸಣ್ಣದು, ಅದೂ ಬಹಳ ತಡವಾಗಿ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಈ ರೋಗದ ನಿರ್ಮೂಲನೆಗೆ ರಾಷ್ಟ್ರೀಯ ಅಭಿಯಾನವೊಂದು ಆರಂಭವಾಯಿತು. ಕರ್ನಾಟಕವೂ ಸೇರಿದಂತೆ 17 ರಾಜ್ಯಗಳ ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದವರೆಗಿನ 7 ಕೋಟಿ ಜನರ ರಕ್ತ ಪರೀಕ್ಷೆ, 2047ರ ಹೊತ್ತಿಗೆ ರೋಗದ ನಿರ್ಮೂಲನೆ ಅದರ ಘೋಷಿತ ಗುರಿ. ದೇಶದ ಯಾವುದೇ ಆನುವಂಶಿಕ ಕಾಯಿಲೆಗೆ ಇಷ್ಟು ದೊಡ್ಡ ಪ್ರಮಾಣದ ಗಮನ ಸಿಕ್ಕಿರಲಿಲ್ಲ. ಹಾಗಾಗಿ ಈ ಪ್ರಯತ್ನ ಯಾವುದನ್ನು ಯಶಸ್ಸು ಎಂದು ಎಣಿಸುತ್ತದೆ ಎಂಬುದನ್ನು ಈಗಲೇ ಪರಿಶೀಲಿಸುವುದು ಅಗತ್ಯ.

ಬದಲಾದ ಒಂದೇ ಕೊಂಡಿ

1910ರಲ್ಲಿ ಷಿಕಾಗೊದ ವೈದ್ಯರೊಬ್ಬರು ಕೆರಿಬಿಯನ್ ದ್ವೀಪದಿಂದ ಬಂದಿದ್ದ ವಿದ್ಯಾರ್ಥಿಯ ರಕ್ತದಲ್ಲಿ ಬಾಗಿದ, ತುದಿ ಚೂಪಾದ ಕೆಂಪುಕಣಗಳನ್ನು ಕಂಡು ವರದಿ ಮಾಡಿದರು. ಕಾರಣ ಅವರಿಗೆ ತಿಳಿಯಲಿಲ್ಲ. 1949ರಲ್ಲಿ ಕ್ಯಾಲಿಫೋರ್ನಿಯಾದ ಪ್ರಯೋಗಾಲಯವೊಂದು ರೋಗಿಯ ಹಿಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಆರೋಗ್ಯವಂತರ ಹಿಮೋಗ್ಲೋಬಿನ್‌ನಂತೆ ಚಲಿಸುವುದಿಲ್ಲ ಎಂದು ತೋರಿಸಿತು. ಕೆಲವೇ ವರ್ಷಗಳ ಬಳಿಕ ಕೇಂಬ್ರಿಜ್‌ನಲ್ಲಿ ವ್ಯತ್ಯಾಸದ ನಿಖರ ಜಾಗ ಸಿಕ್ಕಿತು: 146 ಅಮೈನೊ ಆಮ್ಲಗಳ ಬೀಟಾ ಸರಪಣಿಯಲ್ಲಿ ಆರನೆಯ ಕೊಂಡಿ ಮಾತ್ರ ಬೇರೆ. ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವ್ಯಾಲಿನ್ ಇತ್ತು. ಡಿಎನ್‌ಎ ಮಟ್ಟದಲ್ಲಿ ನೋಡಿದರೆ 11ನೇ ವರ್ಣತಂತುವಿನಲ್ಲಿರುವ ಜೀನ್‌ನಲ್ಲಿ ಒಂದೇ ಅಕ್ಷರದ ಪಲ್ಲಟ.

ಅಷ್ಟು ಸಣ್ಣ ಬದಲಾವಣೆಯ ಪರಿಣಾಮ ಇಡೀ ದೇಹವನ್ನು ವ್ಯಾಪಿಸುತ್ತದೆ. ಆಮ್ಲಜನಕ ಬಿಟ್ಟುಕೊಟ್ಟ ಕೂಡಲೇ ಈ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾಗುತ್ತವೆ, ಕಣವನ್ನು ಬಾಗಿಸಿ ಬಿರುಸಾಗಿಸುತ್ತವೆ. ಸುಮಾರು 120 ದಿನ ಬಾಳಬೇಕಾದ ಕೆಂಪುಕಣ ಹತ್ತಿಪ್ಪತ್ತು ದಿನಗಳಲ್ಲಿ ಒಡೆಯುತ್ತದೆ. ರಕ್ತಹೀನತೆ ಮತ್ತು ಕಾಮಾಲೆಗೆ ಇದು ಕಾರಣ. ಬಿರುಸಾದ ಕಣಗಳು ಸಣ್ಣ ರಕ್ತನಾಳಗಳನ್ನು ಕಟ್ಟಿದಾಗ ಮೂಳೆ, ಎದೆ, ಹೊಟ್ಟೆಯಲ್ಲಿ ತಡೆಯಲಾಗದ ನೋವು ಬರುತ್ತದೆ. ಗುಲ್ಮ ಎಳವೆಯಲ್ಲೇ ಹಾಳಾಗುವುದರಿಂದ ಸೋಂಕು ಎದುರಿಸುವ ಶಕ್ತಿ ಕುಂದುತ್ತದೆ. ಮಕ್ಕಳಿಗೂ ಪಾರ್ಶ್ವವಾಯು ಬಡಿಯಬಹುದು. ಚಳಿ, ಮೈಯಲ್ಲಿ ನೀರಿನ ಕೊರತೆ, ಅತಿಯಾದ ದುಡಿಮೆ ನೋವನ್ನು ಕೆರಳಿಸುತ್ತವೆ. ತೋಟದಲ್ಲಿ ದಿನಗೂಲಿ ಮಾಡಿ ಬದುಕುವವರಿಗೆ ಈ ಮೂರರಿಂದಲೂ ತಪ್ಪಿಸಿಕೊಳ್ಳುವ ದಾರಿ ಇಲ್ಲ.

ತಂದೆ ತಾಯಿ ಇಬ್ಬರಿಂದಲೂ ಬದಲಾದ ಜೀನ್ ಬಂದರೆ ಮಾತ್ರ ಈ ರೋಗ. ಒಬ್ಬರಿಂದ ಬಂದವರು ವಾಹಕರು, ಸಾಮಾನ್ಯವಾಗಿ ಆರೋಗ್ಯವಂತರು. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಹೆರಿಗೆಯಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ಶೇ 25.

ಮಲೇರಿಯಾದ ನೆರಳು

ಇಷ್ಟು ಹಾನಿಕಾರಕ ಜೀನ್ ಸಾವಿರಾರು ವರ್ಷ ಏಕೆ ಅಳಿಯಲಿಲ್ಲ? 1954ರಲ್ಲಿ ಪೂರ್ವ ಆಫ್ರಿಕಾದಿಂದ ಬಂದ ಅಧ್ಯಯನ ಉತ್ತರ ಕೊಟ್ಟಿತು: ವಾಹಕರಿಗೆ ಫಾಲ್ಸಿಪಾರಂ ಮಲೇರಿಯಾದ ಮಾರಕ ರೂಪದಿಂದ ರಕ್ಷಣೆಯಿದೆ. ಮಲೇರಿಯಾ ಬಲವಾಗಿದ್ದ ನಾಡುಗಳಲ್ಲಿ ವಾಹಕರು ಬದುಕುಳಿದರು, ಅವರೊಂದಿಗೆ ಜೀನ್ ಕೂಡ ಉಳಿಯಿತು. ಆದ್ದರಿಂದ ಇದನ್ನು ಒಂದು ಜನಾಂಗದ ದೋಷವೆಂದು ಕಾಣುವುದು ವೈಜ್ಞಾನಿಕವಾಗಿ ತಪ್ಪು. ಆಫ್ರಿಕಾ, ಅರಬ್ ನಾಡು, ಗ್ರೀಸ್, ಭಾರತಗಳಲ್ಲಿ ಇದು ಹಬ್ಬಿರುವುದು ಮಲೇರಿಯಾದ ಭೂಪಟವನ್ನು ಅನುಸರಿಸಿ. ಇಂದು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 5 ಲಕ್ಷ ಮಕ್ಕಳು ಈ ರೋಗದೊಂದಿಗೆ ಹುಟ್ಟುತ್ತಾರೆ. ಅವರಲ್ಲಿ ಮುಕ್ಕಾಲು ಪಾಲು ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದವರು. ಅದರಾಚೆ ಅತಿ ಹೆಚ್ಚಿನ ಹೊರೆ ಭಾರತದ್ದು.

ಭಾರತದಲ್ಲಿ ಇದು ಮೊದಲು ದಾಖಲಾದದ್ದು 1952ರಲ್ಲಿ, ನಮ್ಮ ಗಡಿಗೆ ತಾಗಿದ ನೀಲಗಿರಿ ಬೆಟ್ಟಗಳ ಬುಡಕಟ್ಟುಗಳಲ್ಲಿ. ಅದೇ ವರ್ಷ ಅಸ್ಸಾಮಿನ ಚಹಾ ತೋಟದ ಕೂಲಿಗಳಲ್ಲೂ ಪತ್ತೆಯಾಯಿತು. ಮಧ್ಯ ಮತ್ತು ಪಶ್ಚಿಮ ಭಾರತದಲ್ಲಿ ಹೊರೆ ಹೆಚ್ಚು. ದಕ್ಷಿಣದಲ್ಲಿ ನೀಲಗಿರಿ, ವಯನಾಡು ಮತ್ತು ನಮ್ಮ ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಕಾಡಂಚು ಒಂದೇ ಪಟ್ಟಿಯಾಗಿ ಸೇರುತ್ತವೆ. ರಾಜ್ಯಗಳ ಗಡಿಗೆ ಈ ಜೀನ್‌ನ ಲೆಕ್ಕದಲ್ಲಿ ಅರ್ಥವಿಲ್ಲ. ಮೂರೂ ಕಡೆಯ ಕಾಡಿನ ಜನರ ನಡುವೆ ಸಂಬಂಧಗಳಿವೆ, ಕೂಲಿಯ ಓಡಾಟವಿದೆ. ಪರಿಶಿಷ್ಟ ಜಾತಿಗಳಲ್ಲೂ ಇತರ ಸಮುದಾಯಗಳಲ್ಲೂ ಈ ರೋಗ ಇರುವುದರಿಂದ ಇದನ್ನು ಕೇವಲ ಗಿರಿಜನರ ಕಾಯಿಲೆ ಎನ್ನುವುದೂ ಸರಿಯಲ್ಲ.

'ಸೌಮ್ಯ' ಎಂಬ ಸಮಾಧಾನ

ಭಾರತದ ರೋಗಿಗಳಲ್ಲಿ ಕಾಣುವ ರೂಪ ಆಫ್ರಿಕಾದ್ದಕ್ಕಿಂತ ಸೌಮ್ಯ ಎಂಬ ಮಾತು ವೈದ್ಯಲೋಕದಲ್ಲಿ ದೀರ್ಘಕಾಲ ಚಾಲ್ತಿಯಲ್ಲಿತ್ತು. ಅದಕ್ಕೆ ಆಧಾರವೂ ಇತ್ತು. ಇಲ್ಲಿನ ಬದಲಾವಣೆ ಅರಬ್-ಭಾರತೀಯ ಎಂದು ಕರೆಯುವ ಡಿಎನ್‌ಎ ಹಿನ್ನೆಲೆಯಲ್ಲಿದೆ. ಆ ಹಿನ್ನೆಲೆಯವರಲ್ಲಿ ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ಹುಟ್ಟಿದ ಮೇಲೂ ಹೆಚ್ಚು ಪ್ರಮಾಣದಲ್ಲಿ ಉಳಿಯುತ್ತದೆ, ಮತ್ತು ಅದು ಎಳೆಗಳು ಕಟ್ಟಿಕೊಳ್ಳುವುದನ್ನು ತಡೆಯುತ್ತದೆ. ಆದರೆ ಮಧ್ಯ ಭಾರತದ ಆಸ್ಪತ್ರೆಗಳ ಅನುಭವ ಬೇರೆ ಚಿತ್ರ ಕೊಟ್ಟಿದೆ. ಅಲ್ಲಿನ ಅನೇಕ ಮಕ್ಕಳಲ್ಲಿ ರೋಗ ತೀವ್ರವಾಗಿಯೇ ಇದೆ. ಆಸ್ಪತ್ರೆಗೆ ಬಾರದೆ ಎಳವೆಯಲ್ಲೇ ತೀರಿಕೊಂಡವರು ಯಾವ ಅಧ್ಯಯನದ ಲೆಕ್ಕಕ್ಕೂ ಸಿಗುವುದಿಲ್ಲ ಎಂಬುದನ್ನೂ ಮರೆಯಬಾರದು. ಸರಾಸರಿಯ ಬಗೆಗಿನ ಒಂದು ಮಾತು ನಿರ್ಲಕ್ಷ್ಯಕ್ಕೆ ಸಮರ್ಥನೆಯಾಗಿ ಒದಗಿತು ಎಂಬುದು ಈ ಲೇಖನದ ಸ್ಪಷ್ಟ ಅಭಿಪ್ರಾಯ. ಮೂಳೆನೋವಿಗೆ ಸಂಧಿವಾತದ ಮಾತ್ರೆ, ಬಿಳಿಚಿದ ಮುಖಕ್ಕೆ ಕಬ್ಬಿಣಾಂಶದ ಮಾತ್ರೆ ಕೊಟ್ಟು ಕಳುಹಿಸಿದರೆ ಈ ರೋಗ ವರ್ಷಗಟ್ಟಲೆ ಹೆಸರಿಲ್ಲದೆ ಉಳಿದುಬಿಡುತ್ತದೆ.

ಹದಿನೆಂಟು ಕೋಟಿಯ ಚಿಕಿತ್ಸೆ, ಅಗ್ಗದ ಮಾತ್ರೆ

ಭ್ರೂಣಾವಸ್ಥೆಯ ಹಿಮೋಗ್ಲೋಬಿನ್‌ನ ಈ ಗುಣವೇ ಇತ್ತೀಚಿನ ದೊಡ್ಡ ಸಾಧನೆಗೆ ತಳಹದಿ. 2008ರ ಸುಮಾರಿಗೆ, ಹುಟ್ಟಿದ ಬಳಿಕ ಅದರ ತಯಾರಿಕೆಯನ್ನು ತಡೆಹಿಡಿಯುವ ಜೀನ್ ಯಾವುದೆಂದು ಗೊತ್ತಾಯಿತು. ಕ್ರಿಸ್ಪರ್ ಎಂಬ ಜೀನ್ ತಿದ್ದುವ ತಂತ್ರಕ್ಕೆ 2020ರಲ್ಲಿ ನೊಬೆಲ್ ಬಂತು. ರೋಗಿಯ ಅಸ್ಥಿಮಜ್ಜೆಯ ಆಕರಕೋಶಗಳನ್ನು ಹೊರತೆಗೆದು, ಆ ತಡೆಯನ್ನು ಕ್ರಿಸ್ಪರ್‌ನಿಂದ ದುರ್ಬಲಗೊಳಿಸಿ ಮತ್ತೆ ದೇಹಕ್ಕೆ ಸೇರಿಸುವ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಕ್ರಿಸ್ಪರ್ ಆಧಾರಿತ ಚಿಕಿತ್ಸೆಗೆ ಸಿಕ್ಕ ಮೊದಲ ಒಪ್ಪಿಗೆ ಅದು. ಇದರ ಮಹತ್ವವನ್ನು ಕಡಿಮೆ ಮಾಡಿ ಹೇಳುವಂತಿಲ್ಲ. ಆದರೆ ಅಮೆರಿಕದಲ್ಲಿ ನಿಗದಿಯಾದ ಬೆಲೆ 22 ಲಕ್ಷ ಡಾಲರ್, ಅಂದರೆ ಸುಮಾರು 18 ಕೋಟಿ ರೂಪಾಯಿ. ತಿದ್ದಿದ ಕೋಶಗಳಿಗೆ ಜಾಗ ಮಾಡಲು ತೀವ್ರ ಕೀಮೊಥೆರಪಿ ಬೇಕು. ಅದರಿಂದ ಬಂಜೆತನದ ಅಪಾಯವಿದೆ, ವಾರಗಟ್ಟಲೆ ಆಸ್ಪತ್ರೆ ವಾಸವಿದೆ. ಭಾರತದ ಸರ್ಕಾರಿ ಪ್ರಯೋಗಾಲಯಗಳು ಕಡಿಮೆ ವೆಚ್ಚದ ದೇಶೀಯ ವಿಧಾನಕ್ಕಾಗಿ ದುಡಿಯುತ್ತಿವೆ, ದುಡಿಯಲೇಬೇಕು. ಆದರೆ ಆ ಫಲ ಗಿರಿಜನರ ಹಾಡಿಗಳಿಗೆ, ಪೋಡುಗಳಿಗೆ ತಲುಪುವ ಹೊತ್ತಿಗೆ ಇಂದಿನ ಮಕ್ಕಳು ಬದುಕಿರಬೇಕಲ್ಲ?

ಅವರನ್ನು ಉಳಿಸುವ ಸಾಧನಗಳು ಹಳೆಯವು, ಅಗ್ಗದವು. ಎಳೆಯ ಮಕ್ಕಳಿಗೆ ನಿತ್ಯ ಪೆನಿಸಿಲಿನ್ ಕೊಟ್ಟರೆ ಮಾರಕ ಸೋಂಕು ಶೇ 84ರಷ್ಟು ಕಡಿಮೆಯಾಗುತ್ತದೆ ಎಂದು 1986ರ ಪ್ರಯೋಗ ತೋರಿಸಿತ್ತು. ಪ್ರಯೋಜನ ಅಷ್ಟು ಸ್ಪಷ್ಟವಾಗಿದ್ದರಿಂದ ಆ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ಹೆಚ್ಚಿಸಿ ನೋವಿನ ದಾಳಿಗಳನ್ನು ಸುಮಾರು ಅರ್ಧದಷ್ಟು ತಗ್ಗಿಸುತ್ತದೆ ಎಂಬುದು 1995ರಿಂದ ಗೊತ್ತಿದೆ. ಆಫ್ರಿಕಾದ ಬಡ ದೇಶಗಳಲ್ಲೂ ಅದನ್ನು ಮಕ್ಕಳಿಗೆ ಸುರಕ್ಷಿತವಾಗಿ ಕೊಡಬಹುದೆಂಬುದು ಸಾಬೀತಾಗಿದೆ. ಅದಕ್ಕೆ ಬೇಕಾದದ್ದು ತಪ್ಪದ ಪೂರೈಕೆ ಮತ್ತು ಆಗಾಗ ರಕ್ತಕಣಗಳ ಎಣಿಕೆ. ಇವೆರಡೂ ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲಿ ಸಾಧ್ಯವಿರುವ ಕೆಲಸಗಳು.

ಕಾರ್ಡಿನ ಎರಡು ಮುಖ

ಅಭಿಯಾನದ ಬಲವಿರುವುದು ಸಾಮೂಹಿಕ ಪರೀಕ್ಷೆಯಲ್ಲಿ. ಪರೀಕ್ಷೆಗೊಳಗಾದವರಿಗೆ ಅವರ ಆನುವಂಶಿಕ ಸ್ಥಿತಿ ತಿಳಿಸುವ ಕಾರ್ಡ್ ಕೊಡಲಾಗುತ್ತದೆ. ಮದುವೆಗೆ ಮುನ್ನ ಅದನ್ನು ನೋಡಿಕೊಳ್ಳಿ ಎಂಬ ಸಲಹೆಯೂ ಜೊತೆಗಿದೆ. ಇಬ್ಬರು ವಾಹಕರು ತಿಳಿದು ನಿರ್ಧರಿಸಲಿ ಎಂಬ ವಾದದಲ್ಲಿ ಹುರುಳಿದೆ. ಸೈಪ್ರಸ್‌ನಲ್ಲಿ ಇದೇ ಬಗೆಯ ಕಾರ್ಯಕ್ರಮದಿಂದ ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತರೋಗ ಪೀಡಿತ ಮಕ್ಕಳ ಜನನ ಬಹುತೇಕ ನಿಂತೇಹೋಯಿತು. ಆದರೆ ಅಲ್ಲಿ ಮದುವೆಗಳು ಮುರಿದುಬಿದ್ದದ್ದು ಬಹಳ ಕಡಿಮೆ. ದಂಪತಿಗಳಿಗೆ ಗರ್ಭಾವಸ್ಥೆಯ ಪರೀಕ್ಷೆ ಕೈಗೆಟುಕುವಂತಿತ್ತು, ಅದನ್ನು ಆರಿಸಿಕೊಂಡರು. ಗ್ರೀಸಿನ ಹಳ್ಳಿಯೊಂದರಲ್ಲಿ ಇನ್ನೊಂದು ಬಗೆಯ ಫಲಿತಾಂಶ ಬಂತು: ವಾಹಕರೆಂದು ಗೊತ್ತಾದವರು ಕಳಂಕಕ್ಕೆ ಹೆದರಿ ವಿಷಯ ಬಚ್ಚಿಟ್ಟರು, ವಾಹಕರ ನಡುವಿನ ಮದುವೆಗಳೇನೂ ಇಳಿಯಲಿಲ್ಲ. 1970ರ ದಶಕದ ಅಮೆರಿಕದಲ್ಲಿ ಆರೋಗ್ಯವಂತ ಕಪ್ಪು ವಾಹಕರು ವಿಮೆ, ಉದ್ಯೋಗಗಳಲ್ಲಿ ಭೇದಭಾವಕ್ಕೆ ಒಳಗಾದರು. ಸಮಾಲೋಚನೆಯಿಲ್ಲದ ಪರೀಕ್ಷೆ ಹಾನಿ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ. ಸಣ್ಣ ಸಮುದಾಯಗಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ, ಕಾರ್ಡ್ ಸಂಬಂಧ ನಿರಾಕರಿಸಲು ನೆಪವಾಗುವ ಅಪಾಯ ನಿಜವಾದದ್ದು.

ತಾಂತ್ರಿಕವಾದ ಇನ್ನೊಂದು ಮಿತಿಯಿದೆ. ಶಿಬಿರಗಳಲ್ಲಿ ಮೊದಲ ಹಂತಕ್ಕೆ ಬಳಕೆಯಾಗುವ ಅಗ್ಗದ ಕರಗುವಿಕೆ ಪರೀಕ್ಷೆ ವಾಹಕ ಯಾರು, ರೋಗಿ ಯಾರು ಎಂದು ಬೇರ್ಪಡಿಸಿ ಹೇಳಲಾರದು. ಖಚಿತಪಡಿಸಲು ಎರಡನೆಯ ಪರೀಕ್ಷೆ ಬೇಕೇಬೇಕು. ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ಇನ್ನೂ ಹೆಚ್ಚಿರುವ ಮೊದಲ ಆರು ತಿಂಗಳ ಶಿಶುಗಳಲ್ಲಿ ಅದನ್ನು ನಂಬುವಂತೆಯೂ ಇಲ್ಲ. ಪೆನಿಸಿಲಿನ್ ಜೀವ ಉಳಿಸುವುದು ಎಳವೆಯಲ್ಲೇ. ನವಜಾತ ಶಿಶುಗಳಿಗೆ ತಕ್ಕ ಪರೀಕ್ಷೆಯನ್ನು ಹೆರಿಗೆ ಕೋಣೆಯಲ್ಲೇ ಒದಗಿಸದಿದ್ದರೆ ಕೋಟಿಗಟ್ಟಲೆ ಪರೀಕ್ಷೆಗಳ ನಡುವೆಯೂ ಹೆಚ್ಚು ಅಗತ್ಯವಿದ್ದ ಮಗು ತಪ್ಪಿಹೋಗುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ರೋಗವನ್ನು 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ಅಂದರೆ ರೋಗಿಗೆ ಸಲ್ಲಬೇಕಾದದ್ದು ಹಕ್ಕು ಎಂದು ಕಾನೂನು ಒಪ್ಪಿದೆ. ಈಗ ಸಾರ್ವಜನಿಕರಾದ ನಾವು ಸರ್ಕಾರವನ್ನು ಕೇಳಬೇಕಾದದ್ದು ಒಂದೇ ಅಂಕಿ. ಪರೀಕ್ಷೆಗೊಳಗಾದವರ ಮತ್ತು ಕಾರ್ಡ್ ಪಡೆದವರ ಸಂಖ್ಯೆಯ ಪಕ್ಕದಲ್ಲೇ, ರೋಗ ಖಚಿತವಾದವರಲ್ಲಿ ಎಷ್ಟು ಮಂದಿ ವರ್ಷವಿಡೀ ತಪ್ಪದೆ ಮಾತ್ರೆ ಪಡೆದರು ಎಂಬುದನ್ನು ಪ್ರತಿ ಜಿಲ್ಲೆಯೂ ಪ್ರತಿ ವರ್ಷ ಪ್ರಕಟಿಸಲಿ.