ಕಂಬದ ಮೇಲಿನ ರಬ್ಬರ್ ಕೊಡೆ

ಜಗಳೂರಿನಂಥ ಒಣಭೂಮಿಯ ಸೀಮೆಯಲ್ಲಿ ಇದು ಹೊಸ ಮಾತಲ್ಲ. ಬೇಸಿಗೆಯುದ್ದಕ್ಕೂ ಇದ್ದ ಕರೆಂಟು ಮೊದಲ ತುಂತುರು ಬೀಳುತ್ತಲೇ ಕೈಕೊಡುತ್ತದೆ. ಬಿರುಗಾಳಿಯಿಲ್ಲ, ಮರ ಬಿದ್ದಿಲ್ಲ. ಆದರೂ ಪಂಪ್‌ಸೆಟ್ ನಿಂತಿರುತ್ತದೆ. ಇದಕ್ಕಿರುವ ಕಾರಣಗಳಲ್ಲಿ ಒಂದು, ಕಂಬದ ಇನ್ಸುಲೇಟರ್ ಮೇಲೆ ಕುಳಿತ ಧೂಳು.

ತಂತಿಯ ವಿದ್ಯುತ್ತು ಕಂಬಕ್ಕಿಳಿಯದಂತೆ ತಡೆಯುವುದೇ ಇನ್ಸುಲೇಟರಿನ ಕೆಲಸ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ಸಾಗಿ ಕೋಲಾರದ ಚಿನ್ನದ ಗಣಿ ಸೇರಿದ ಕಾಲದಿಂದಲೂ ನಮ್ಮಲ್ಲಿ ಪಿಂಗಾಣಿ ಈ ಕೆಲಸ ಮಾಡುತ್ತ ಬಂದಿದೆ. ಪಿಂಗಾಣಿ ಶಾಖಕ್ಕೆ ಜಗ್ಗದು. ಆದರೆ ನೀರು ಅದರ ಮೇಲೆ ಪದರವಾಗಿ ಹರಡುತ್ತದೆ. ಧೂಳಿನ ಲವಣ ಕರಗಿ ಆ ಪದರದಲ್ಲಿ ವಿದ್ಯುತ್ತು ಸೋರತೊಡಗುತ್ತದೆ. ಆ ಬಿಸಿಗೆ ಪದರ ಅಲ್ಲಲ್ಲಿ ಒಣಗುತ್ತದೆ. ಒಣಗಿದೆಡೆ ಕಿಡಿ ಹಾರುತ್ತದೆ. ಕಿಡಿಗಳೆಲ್ಲ ಕೂಡಿಕೊಂಡರೆ ಲೈನ್ ಟ್ರಿಪ್ ಆಗುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಪಾಲಿಮರ್ ಇನ್ಸುಲೇಟರ್. ಇದರೊಳಗೆ ಗಾಜಿನ ನಾರು ಮತ್ತು ರಾಳದಿಂದ ಮಾಡಿದ ಸರಳಿರುತ್ತದೆ. ತಂತಿಯ ಎಳೆತ ತಾಳುವುದು ಅದೇ. ಹೊರಗೆ ಸಾಲಾಗಿ ಜೋಡಿಸಿದ ಕೊಡೆಗಳಂತೆ ಸಿಲಿಕೋನ್ ರಬ್ಬರ್. ಕೆಸುವಿನೆಲೆಯ ಮೇಲಿನಂತೆ ಇದರ ಮೇಲೆ ನೀರು ಹನಿಹನಿಯಾಗಿಯೇ ನಿಲ್ಲುತ್ತದೆ. ರಬ್ಬರಿನೊಳಗಿನ ಚಿಕ್ಕ ಸಿಲಿಕೋನ್ ಅಣುಗಳು ಮೇಲೆ ಬಂದು, ಕುಳಿತ ಧೂಳಿಗೂ ಈ ಗುಣವನ್ನು ಹಚ್ಚುತ್ತವೆ.

ಆದರೆ ಬರಿಯ ರಬ್ಬರು ಕಿಡಿಯ ಶಾಖವನ್ನು ಹೆಚ್ಚು ಕಾಲ ತಾಳದು. ಆದ್ದರಿಂದ ಅದಕ್ಕೆ ಅಲ್ಯೂಮಿನಿಯಂ ಹೈಡ್ರಾಕ್ಸೈಡಿನ ನುಣ್ಣನೆಯ ಪುಡಿ ಬೆರೆಸುತ್ತಾರೆ. 156 ಗ್ರಾಂ ಪುಡಿಯನ್ನು ಚೆನ್ನಾಗಿ ಕಾಸಿದರೆ 54 ಗ್ರಾಂ ನೀರು ಆವಿಯಾಗಿ ಹೊರಟು, 102 ಗ್ರಾಂ ಅಲ್ಯೂಮಿನಾ ಉಳಿಯುತ್ತದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ನಡೆಯುವ ಈ ಕ್ರಿಯೆ ಕಿಡಿಯ ಶಾಖವನ್ನು ಹೀರುತ್ತದೆ. ಉಳಿದ ಅಲ್ಯೂಮಿನಾ ಪಿಂಗಾಣಿಯ ಬಂಧುವೇ. ಅದೂ ಶಾಖಕ್ಕೆ ಅಂಜದು.

ಹಾಗೆಂದು ಪುಡಿ ಹೆಚ್ಚಿದಷ್ಟೂ ಒಳ್ಳೆಯದೆನ್ನುವಂತಿಲ್ಲ. ಅತಿಯಾದರೆ ರಬ್ಬರು ಗಡುಸಾಗಿ ಬಿರಿಯುತ್ತದೆ. ಕಣಕ್ಕೂ ರಬ್ಬರಿಗೂ ನಡುವೆ ಸಂದು ಉಳಿದರೆ ತೇವ ಸೇರಿ ತಡೆಯುವ ಶಕ್ತಿಯೇ ಕುಂದುತ್ತದೆ. ಅದಕ್ಕಾಗಿ ಕಣಗಳಿಗೆ ಸಿಲೇನ್ ಎಂಬ ರಾಸಾಯನಿಕದ ಲೇಪ ಕೊಡುವುದುಂಟು. ಒಂದು ಕೈಯಿಂದ ಕಣವನ್ನು, ಇನ್ನೊಂದರಿಂದ ರಬ್ಬರನ್ನು ಹಿಡಿದ ಹಾಗೆ ಅದು ಎರಡನ್ನೂ ಬೆಸೆಯುತ್ತದೆ.

ಇಂಥ ಮಿಶ್ರಣವನ್ನು ಒರೆಗೆ ಹಚ್ಚಲು ಒಂದು ಕಠಿಣ ಪರೀಕ್ಷೆಯಿದೆ. ಮಾದರಿಯನ್ನು 45 ಡಿಗ್ರಿ ಓರೆಯಾಗಿರಿಸಿ, ಲವಣದ ದ್ರಾವಣ ಹರಿಸುತ್ತ, ಸಾವಿರಾರು ವೋಲ್ಟಿನ ವಿದ್ಯುತ್ತನ್ನು 6 ಗಂಟೆ ಹಾಯಿಸುತ್ತಾರೆ. ಇನ್ಸುಲೇಟರ್‌ಗಳನ್ನು ಪರೀಕ್ಷಿಸುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ 1960ರಿಂದ ನಮ್ಮ ಬೆಂಗಳೂರಿನಲ್ಲೇ ಇದೆ.

ಪರೀಕ್ಷೆಯಲ್ಲಿ ಗೆದ್ದ ಇನ್ಸುಲೇಟರಿಗೂ ಹುಡುಗರ ಕವಣೆಕಲ್ಲು ಕಂಟಕವಾಗಬಹುದು. ಕಲ್ಲೇಟಿಗೆ ರಬ್ಬರು ಹರಿದು ತೇವ ಒಳಸೇರಿದರೆ ಗಾಜುನಾರಿನ ಸರಳು ಕ್ರಮೇಣ ಕೊರೆದು ಮುರಿಯಬಹುದು. ತಂತಿ ಹೊಲದೊಳಕ್ಕೇ ಬೀಳಬಹುದು. ಕಂಬದ ಮೇಲೆ ಕಿಡಿ ಕಂಡರೆ ದೂರ ನಿಂತು ಲೈನ್‌ಮನ್‌ಗೆ ತಿಳಿಸಿ. ಕಂಬವನ್ನು ಮುಟ್ಟುವ ಸಾಹಸ ಮಾತ್ರ ಬೇಡ.